ಅಪ್‌ಡೇಟ್: ತೀರ್ಥಹಳ್ಳಿಗೆ ಹೋಗಲು ಮಲೇರಿಯಾ ಮಾತ್ರೆ ಬೇಕಾ?

ನಾವಿರುವುದು ಇಂಗ್ಲೆಂಡಿನಲ್ಲಿ. ಫೆಬ್ರವರಿಯಲ್ಲಿ ಮಗಳ ಜೊತೆ ತೀರ್ಥಹಳ್ಳಿ ಹತ್ತಿರದ ಚಿಕ್ಕಮ್ಮನ ಮನೆಗೆ ಹೋಗುವ ಮುಂಚೆ ಮಾತ್ರೆ, ಸೊಳ್ಳೆ ಸ್ಪ್ರೇ ಎಲ್ಲಿ ತಗೊಳ್ಳಲಿ ಅಂತ ಕೇಳಿದ್ದೆ. ಹೋಗಿ ಬಂದೆವು.

ಮಾತ್ರೆ ಬೇಕಾಗಲಿಲ್ಲ. ಟ್ರಾವೆಲ್ ಕ್ಲಿನಿಕ್ಕಿನ ನರ್ಸ್ ನಕ್ಷೆ ನೋಡಿ, ಅಸ್ಸಾಂ, ಒಡಿಶಾ ಆದರೆ ಮಾತ್ರೆ, ಶಿವಮೊಗ್ಗಕ್ಕೆ ಸೊಳ್ಳೆ ಕಚ್ಚದಂತೆ ನೋಡಿಕೊಂಡರೆ ಸಾಕು ಎಂದರು. ಬೇಕಾದವರಿಗೆ ಹೇಳುತ್ತೇನೆ: ಅಟೊವಕ್ವೋನ್-ಪ್ರೊಗ್ವಾನಿಲ್ ಅನ್ನುವ ಮಲೇರಿಯಾ ಮಾತ್ರೆ ಹೊರಡುವ 1-2 ದಿನ ಮುಂಚೆ ಶುರು ಮಾಡಿ, ವಾಪಸ್ ಬಂದ ಮೇಲೂ 7 ದಿನ ತಗೊಳ್ಳಬೇಕು. ಡಾಕ್ಸಿಸೈಕ್ಲಿನ್ ಮಾತ್ರೆ ಆದರೆ ಬಂದ ಮೇಲೆ 4 ವಾರ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಇವು ಪುಕ್ಕಟೆ ಸಿಗುವುದಿಲ್ಲ, ದುಡ್ಡು ಕೊಡಲೇಬೇಕು.

ಸೊಳ್ಳೆ ಓಡಿಸುವ 50% ಡೀಟ್ ಸ್ಪ್ರೇ ಮೆಡಿಕಲ್ ಶಾಪಿನಲ್ಲೇ ಸಿಕ್ಕಿತು. ಸನ್‌ಸ್ಕ್ರೀನ್ ಮೊದಲು, ಇದು ಆಮೇಲೆ. ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ. ನನ್ನ ವಾಚಿನ ಪಟ್ಟಿ ಅಂಟಂಟಾಗಿ ಹೋಯ್ತು!

ಚಿಕ್ಕಮ್ಮ ಫೋನಿನಲ್ಲೇ ಹೇಳಿದ್ದರು, "ಸೊಳ್ಳೆ ಬಿಡು ಮಾರಾಯ್ತಿ, ಉಣುಗು ನೋಡ್ಕೋ." ಉಣುಗು (ಉಣ್ಣಿ) ಕಚ್ಚಿ ಬರುವ ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು. ಬೇಸಿಗೆ ಮುಗಿಯುವ ತನಕ ಅದರದೇ ಕಾಟ. ಅದು ವೈರಸ್, ಮಲೇರಿಯಾ ಮಾತ್ರೆ ಸುಮ್ನೆ ನುಂಗಿದ ಹಾಗೆ ಅಷ್ಟೇ. ಈ ಕಾಯಿಲೆಯ ಹಳೇ ಲಸಿಕೆಯನ್ನೂ ಈಗ ನಿಲ್ಲಿಸಿದ್ದಾರೆ. ಆಶಾ ಕಾರ್ಯಕರ್ತೆ ಮನೆಗೇ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಕೊಟ್ಟು ಹೋಗಿದ್ದರು. ಅದನ್ನು ಕೈಕಾಲಿಗೆ ಸವರಿಕೊಂಡೇ ತೋಟಕ್ಕೆ ಇಳಿಯುತ್ತಿದ್ದೆವು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನಾವು ಬಚ್ಚಲಿಗೆ.

ಒಂದು ಸಲ ಮಗಳ ಮೊಣಕಾಲ ಹಿಂದೆ ಎಳ್ಳಿನಷ್ಟು ಸಣ್ಣ ಉಣುಗು ಕಚ್ಚಿಕೊಂಡಿತ್ತು. ಚಿಮಟದಿಂದ ಚರ್ಮದ ಬುಡಕ್ಕೇ ಹಿಡಿದು ನೆಟ್ಟಗೆ ಎಳೆದೆವು. ಜ್ವರ ಗಿರ ಏನೂ ಬರಲಿಲ್ಲ.