ಹೊಲಿಗೆ ಕೆಲಸ, ಬಿಡದ ಕುತ್ತಿಗೆ ನೋವು: ಏನು ಮಾಡಲಿ?

ಸವಿತಾ, ದಾವಣಗೆರೆ:
ನಾನು ಬ್ಲೌಸ್ ಹೊಲಿಯುತ್ತೇನೆ. ದೀಪಾವಳಿ ಸೀಸನ್ನಿನಿಂದ ಕುತ್ತಿಗೆ ನೋವು ಬಿಟ್ಟಿಲ್ಲ. ಹೆಮ್ಮಿಂಗ್‌ಗೆ (ಅಂಚು ಮಡಚಿ ಕೈಯಲ್ಲಿ ಹೊಲಿಯೋದಕ್ಕೆ) ಕೂತರೆ ಸಂಜೆಗೆ ಭುಜವೆಲ್ಲ ಬಿಗಿ. ತಲೆ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ ಅಂತಾಳೆ ಮಗಳು. ಕುತ್ತಿಗೆಗೆ ಆಸರೆ ಪಟ್ಟಿ (ಕಾಲರ್) ಹಾಕಲಾ, ವ್ಯಾಯಾಮ ಮಾಡಲಾ?

ಫಿಸಿಯೋ, ಮೈಸೂರು:
ಸವಿತಾ ಅವರೇ, ಕೈ ಜೋಮು ಹಿಡಿಯುತ್ತದಾ? ಹಿಡಿದ ವಸ್ತು ಜಾರುತ್ತದಾ? ನಡೆಯುವಾಗ ಓಲಾಡುತ್ತೀರಾ? ಹಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಇಲ್ಲ ಅಂದರೆ ವ್ಯಾಯಾಮವೇ ಸರಿ. ಕಾಲರ್ ಜಾಸ್ತಿ ದಿನ ಹಾಕಿದರೆ ಸ್ನಾಯು ಇನ್ನೂ ಸೋಲುತ್ತದೆ.
ನೇರ ಕೂತು, ತಲೆ ಬಗ್ಗಿಸದೆ ಗದ್ದವನ್ನು ಹಿಂದಕ್ಕೆ ಎಳೆಯಿರಿ. 5 ಸೆಕೆಂಡ್ ಹಿಡಿದು ಬಿಡಿ, 10 ಸಲ. ಕುತ್ತಿಗೆಯ ಮುಂಭಾಗದ ಒಳ ಸ್ನಾಯುಗಳಿಗೆ ಇದು ಕೆಲಸ ಕೊಡುತ್ತದೆ. ಆಮೇಲೆ ಬೆನ್ನಿನ ರೆಕ್ಕೆ ಮೂಳೆಗಳನ್ನು ಹತ್ತಿರ ತನ್ನಿ. ವಾರಗಟ್ಟಲೆ ಬಿಡದೆ ಮಾಡಬೇಕು, ನಾಲ್ಕೇ ದಿನಕ್ಕೆ ಫಲ ಸಿಗಲ್ಲ.

ಸವಿತಾ:
ಜೋಮು ಇಲ್ಲ ಸರ್. ಮಾಡುವಾಗ ಸ್ವಲ್ಪ ಎಳೆದರೆ ನಿಲ್ಲಿಸಬೇಕಾ?

ಫಿಸಿಯೋ, ಮೈಸೂರು:
ಸಣ್ಣ ಎಳೆತ ಪರವಾಗಿಲ್ಲ. ಮರುದಿನ ನೋವು ಜಾಸ್ತಿಯಾದರೆ ಸಂಖ್ಯೆ ಕಡಿಮೆ ಮಾಡಿ. ಕೈಗೆ ನೋವು ಇಳಿದರೆ ನಿಲ್ಲಿಸಿ.

ಟೈಲರ್, ಗದಗ:
ಅಕ್ಕಾ, ಹೆಮ್ಮಿಂಗ್ ಮಾಡುವಾಗ ತೊಡೆ ಮೇಲೆ ದಪ್ಪ ದಿಂಬು ಇಟ್ಟುಕೊಳ್ಳಿ. ಬಟ್ಟೆ ಕಣ್ಣಿನ ಹತ್ತಿರ ಬರುತ್ತದೆ. ಮೆಷಿನ್ನಿನ ಬಾಬಿನ್ (ಕೆಳದಾರದ ಉಂಡೆ) ಬದಲಿಸುವಾಗೆಲ್ಲ ಎದ್ದು ನಿಲ್ಲಿ. ನನಗೆ ಇದರಿಂದಲೇ ಅರ್ಧ ಆರಾಮಾಯಿತು.