ದೂರಸಂಪರ್ಕ ಕಂಪನಿಗಳಲ್ಲಿ ಹಣಕಾಸು ನಿಯಂತ್ರಣ ಬಲವಾಗಿದ್ದರೆ ಲಾಭ ಹೆಚ್ಚುತ್ತದೆಯೇ?

ಪ್ರಶ್ನೆ (ಎಂ.ಕಾಂ. ವಿದ್ಯಾರ್ಥಿನಿ)

ನಮಸ್ಕಾರ. ದೂರಸಂಪರ್ಕ ಕಂಪನಿಗಳ ಆಂತರಿಕ ಹಣಕಾಸು ನಿಯಂತ್ರಣಕ್ಕೂ (ಲೆಕ್ಕದ ತಪ್ಪು, ವಂಚನೆಗಳನ್ನು ತಡೆಯುವ ಒಳಗಿನ ವ್ಯವಸ್ಥೆ) ಅವುಗಳ ವ್ಯವಹಾರ ಸಾಧನೆಗೂ ಇರುವ ಸಂಬಂಧವನ್ನು ಕುರಿತು ಪ್ರಬಂಧ ಬರೆಯುತ್ತಿದ್ದೇನೆ. ನಿಯಂತ್ರಣ ಬಲವಾದಷ್ಟೂ ಲಾಭ ಹೆಚ್ಚುತ್ತದೆ ಎಂಬ ಊಹೆಯನ್ನು ನಿವ್ವಳ ಲಾಭದ ಅಂಕಿಗಳಿಂದ ಪರೀಕ್ಷಿಸಬೇಕೆಂದಿದ್ದೇನೆ. ಈ ಅಳತೆ ಸರಿಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಲೆಕ್ಕ ಪರಿಶೋಧಕ)

ನಿವ್ವಳ ಲಾಭವನ್ನು ಅಳತೆಗೋಲಾಗಿ ಹಿಡಿಯುವ ಮುನ್ನ ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್‌ನ ಪ್ರಕರಣವನ್ನು ಓದಿ. ತನ್ನ ಗ್ರಾಹಕರ ಕರೆಗಳನ್ನು ಸಾಗಿಸಲು ಬೇರೆ ಕಂಪನಿಗಳ ಜಾಲಕ್ಕೆ ತೆರುತ್ತಿದ್ದ ಶುಲ್ಕ, ಅಂದರೆ ಲೈನ್ ವೆಚ್ಚ, ಆ ಕಂಪನಿಯ ಅತಿ ದೊಡ್ಡ ಖರ್ಚಾಗಿತ್ತು. ಆಯಾ ತ್ರೈಮಾಸಿಕದ ಲಾಭ-ನಷ್ಟ ಖಾತೆಗೇ ಬರೆಯಬೇಕಾಗಿದ್ದ ಈ ವೆಚ್ಚದ ಒಂದು ಭಾಗವನ್ನು 2001ರಿಂದ ಬಂಡವಾಳ ವೆಚ್ಚವೆಂದು ತೋರಿಸಿ ಆಸ್ತಿಗಳಿಗೆ ಸೇರಿಸಲಾಯಿತು. ಇದರಿಂದ ಆ ತ್ರೈಮಾಸಿಕದ ಖರ್ಚು ಕಡಿಮೆಯಾಗಿ, ಲಾಭ ಹೆಚ್ಚಾಗಿ ಕಂಡಿತು. ಇದರ ಹಿಂದೆ ಹಣಕಾಸು ಮುಖ್ಯಸ್ಥ ಸ್ಕಾಟ್ ಸಲಿವನ್ ಅವರೇ ಇದ್ದರು. ಹೊರಗಿನ ಪರಿಶೋಧಕರಾದ ಆರ್ಥರ್ ಆಂಡರ್ಸನ್ ಸಂಸ್ಥೆ ಹಿಡಿಯದ ಈ ವಂಚನೆಯನ್ನು ಸಿಂಥಿಯಾ ಕೂಪರ್ ನೇತೃತ್ವದ ಆಂತರಿಕ ಪರಿಶೋಧನಾ ತಂಡ 2002ರಲ್ಲಿ ಪತ್ತೆ ಹಚ್ಚಿತು. ಮೊದಲು ಪ್ರಕಟವಾದ ಮೊತ್ತ ಸುಮಾರು 380 ಕೋಟಿ ಡಾಲರ್. ತನಿಖೆ ಮುಂದುವರಿದಂತೆ ಅದು 1,100 ಕೋಟಿ ಡಾಲರ್‌ಗಳ ಆಸುಪಾಸಿಗೆ ಏರಿತು. 2002ರ ಜುಲೈನಲ್ಲಿ ಕಂಪನಿ ದಿವಾಳಿತನದ ಅರ್ಜಿ ಸಲ್ಲಿಸಿತು.

ನಿಯಂತ್ರಣ ಕುಸಿದಿದ್ದ ತ್ರೈಮಾಸಿಕಗಳಲ್ಲೇ ಲಾಭ ಸೊಗಸಾಗಿ ಕಂಡಿತ್ತು ಎಂಬುದನ್ನು ಗಮನಿಸಿ. ನಿಮ್ಮ ಅಳತೆ ಆ ಕಂಪನಿಗೆ ಒಳ್ಳೆಯ ಅಂಕಗಳನ್ನೇ ಕೊಡುತ್ತಿತ್ತು.

ಉತ್ತರ 2 (ಆದಾಯ ಖಾತರಿ ವಿಭಾಗದ ಉದ್ಯೋಗಿ)

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ನಿಯಂತ್ರಣದಿಂದ ನೇರವಾಗಿ ಹಣ ಉಳಿಯುವ ಜಾಗವೂ ಒಂದಿದೆ. ಸ್ವಿಚ್‌ನಲ್ಲಿ, ಅಂದರೆ ಕರೆಗಳನ್ನು ಜೋಡಿಸುವ ಯಂತ್ರದಲ್ಲಿ, ದಾಖಲಾದ ಪ್ರತಿ ಕರೆಯ ವಿವರ ಹಲವು ಗಣಕ ವ್ಯವಸ್ಥೆಗಳನ್ನು ದಾಟಿ, ದರ ನಿಗದಿಯಾಗಿ, ಬಿಲ್ಲನ್ನು ಅಥವಾ ಪ್ರೀಪೇಯ್ಡ್ ಖಾತೆಯನ್ನು ತಲುಪಬೇಕು. ನಡುವೆ ಒಂದು ಕಡತ ಬಿಟ್ಟುಹೋದರೂ, ಹೊಸ ಯೋಜನೆಯ ದರ ತಪ್ಪಾಗಿ ನಮೂದಾದರೂ, ಸೇವೆ ಕೊಟ್ಟ ಖರ್ಚು ಉಳಿಯುತ್ತದೆ, ಆದಾಯ ಮಾತ್ರ ಬರುವುದಿಲ್ಲ. ಗ್ರಾಹಕರೂ ಇಂಥದ್ದನ್ನು ದೂರುವುದಿಲ್ಲ. ಹೀಗಾಗಿ ಸ್ವಿಚ್ ದಾಖಲೆಗೂ ಬಿಲ್ಲಿಗೂ ನಡುವಿನ ವ್ಯತ್ಯಾಸ ಎಷ್ಟು, ಅದು ಎಷ್ಟು ದಿನಗಳಲ್ಲಿ ಪತ್ತೆಯಾಗುತ್ತದೆ ಎಂಬುದನ್ನು ಅಳೆಯಿರಿ. ಈ ಮಾಹಿತಿ ವಾರ್ಷಿಕ ವರದಿಯಲ್ಲಿ ಸಿಗದು, ಕಂಪನಿಗಳಿಂದಲೇ ಕೇಳಿ ಪಡೆಯಬೇಕು.

ಉತ್ತರ 3 (ವಾಣಿಜ್ಯಶಾಸ್ತ್ರ ಅಧ್ಯಾಪಕ)

ಭಾರತದ ಕಂಪನಿಗಳನ್ನು ಆರಿಸಿಕೊಂಡರೆ ಇನ್ನೊಂದು ತೊಡಕಿದೆ. ಪರವಾನಗಿ ಶುಲ್ಕವನ್ನು ಲೆಕ್ಕ ಹಾಕುವ ಹೊಂದಾಣಿಕೆಯ ಒಟ್ಟು ಆದಾಯ, ಅಂದರೆ ಎಜಿಆರ್, ದೂರಸಂಪರ್ಕೇತರ ಆದಾಯವನ್ನೂ ಒಳಗೊಳ್ಳುತ್ತದೆಯೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 24 ಅಕ್ಟೋಬರ್ 2019ರಂದು ಸುಪ್ರೀಂ ಕೋರ್ಟ್ ಅದನ್ನೂ ಸೇರಿಸಬೇಕೆಂಬ ಸರ್ಕಾರದ ವ್ಯಾಖ್ಯಾನವನ್ನು ಎತ್ತಿಹಿಡಿಯಿತು. ಇದರಿಂದ ಕಂಪನಿಗಳ ಮೇಲೆ ಹಿಂದಿನ ವರ್ಷಗಳ ಶುಲ್ಕದ ಬಾಕಿ ಬಿತ್ತು. ಅದರ ಬೆನ್ನಲ್ಲೇ ವೊಡಾಫೋನ್ ಐಡಿಯಾ ಒಂದೇ ತ್ರೈಮಾಸಿಕದಲ್ಲಿ 50,900 ಕೋಟಿ ರೂಪಾಯಿಗೂ ಮೀರಿದ ನಷ್ಟ ತೋರಿಸಿತು. ಅದರ ದೊಡ್ಡ ಪಾಲು ಈ ಬಾಕಿಗಾಗಿ ಎತ್ತಿಟ್ಟ ಮೊತ್ತ. ಇಂಥ ಅಂಕಿಯನ್ನು ಆ ವರ್ಷದ ನಿಯಂತ್ರಣದ ಗುಣಕ್ಕೆ ತಳಕು ಹಾಕಿದರೆ ನಿಮ್ಮ ತೀರ್ಮಾನ ದಾರಿ ತಪ್ಪುತ್ತದೆ.

ಕಾರ್ಯಾಚರಣೆಯ ನಗದು ಹರಿವಿನಲ್ಲಿ ಬಂಡವಾಳ ವೆಚ್ಚವನ್ನು ಕಳೆದು ಉಳಿಯುವ ನಗದನ್ನು ಬಳಸಿ. ಕಳೆಯದೆ ಬಿಟ್ಟರೆ ವರ್ಲ್ಡ್‌ಕಾಮ್ ಮಾಡಿದಂಥ ವರ್ಗಾವಣೆ ಅಲ್ಲಿಯೂ ನುಸುಳುತ್ತದೆ. ನಿಯಂತ್ರಣದ ಬಗ್ಗೆ, 2013ರ ಕಂಪನಿ ಕಾಯ್ದೆಯ 143(3)(ಐ) ಉಪವಿಧಿಯಂತೆ ಪರಿಶೋಧಕರು ಕೊಡುವ ಅಭಿಪ್ರಾಯದಿಂದ ಆರಂಭಿಸಬಹುದು. ಎಲ್ಲ ಕಂಪನಿಗಳಿಗೂ ಒಂದೇ ಬಗೆಯ ಅಭಿಪ್ರಾಯ ಬಂದಿದ್ದರೆ ಹೋಲಿಕೆಗೆ ಏನೂ ಉಳಿಯದು. ಆಗ ಉತ್ತರ 2ರಲ್ಲಿ ಹೇಳಿದ, ಬಿಲ್ಲಿಗೆ ಬಾರದ ಆದಾಯದ ಮಾಹಿತಿಯನ್ನೇ ಅವಲಂಬಿಸಬೇಕಾಗುತ್ತದೆ.