ಸಹಾಯ ಬೇಕು: ಓಡಿ ಬಂದ ಮೇಲೆ ಶುಗರ್ ಏರುತ್ತಿದೆ!

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಟೈಪ್ 2 ಶುಗರ್ ಬಂದು ಮೂರು ವರ್ಷ ಆಯಿತು. ಮೆಟ್‌ಫಾರ್ಮಿನ್ ಮಾತ್ರೆ ಅಷ್ಟೇ, ಇನ್ಸುಲಿನ್ ಇಲ್ಲ.

ಹೋದ ತಿಂಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡುತ್ತಿದ್ದೇನೆ. ಮೊನ್ನೆ ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿದೆ, 121. ಓಡಿ, ಏದುಸಿರು ಬಿಡುತ್ತಾ ನಾಲ್ಕು ಮಹಡಿ ಹತ್ತಿ ಬಂದು ನೋಡಿದರೆ 158! ಒಂದು ಲೋಟ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಮೀಟರ್ ಕೆಟ್ಟಿರಬೇಕು ಅಂತ ಕೈ ತೊಳೆದು ಮತ್ತೆ ಚುಚ್ಚಿದೆ. 155.

ಜೋರಾಗಿ ದಣಿದಾಗ ಅಡ್ರಿನಲಿನ್ ಏರಿ, ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಆಮೇಲೆ ಇಳಿಯುತ್ತದೆ ಅಂದರು ಡಾಕ್ಟರ್. ಸರಿ. ಆದರೆ ರಾತ್ರಿ ಮುದ್ದೆ ಉಂಡು ಸುಮ್ನೆ 15 ನಿಮಿಷ ನಡೆದರೆ ಸಾಕು, ಶುಗರ್ ಜಾಸ್ತಿ ಏರುವುದೇ ಇಲ್ಲ. ಮತ್ತೆ ಇಷ್ಟೊಂದು ಬೆವರು ಸುರಿಸುವುದು ಯಾಕೆ, ಅಲ್ವಾ? (ಮನೆಯವಳದೂ ಇದೇ ಪ್ರಶ್ನೆ.)

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಎಷ್ಟು ಹೊತ್ತಿಗೆ ಇಳಿಯಿತು? ಓಡುವ ಮುಂಚೆ ಏನಾದರೂ ತಿನ್ನುತ್ತೀರಾ? ತೂಕ ಎತ್ತಿ ಸ್ನಾಯು ಬೆಳೆಸಿದರೆ ಅದು ಸಕ್ಕರೆಯನ್ನು ಚೆನ್ನಾಗಿ ಹೀರುತ್ತದಂತೆ. ಜಿಮ್‌ಗೆ ಹೋಗುವವರು ನಿಮ್ಮ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಎಷ್ಟು ಬದಲಾಯಿತು ಅಂತ ಹೇಳಿದರೆ ಉಪಕಾರ. ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಅನ್ನುವವರಿಗೆ ಮಾತ್ರ ಈಗಲೇ ಕೈ ಮುಗಿದೆ.